ಬಷೀರ ಮಿಸ್ಸು ಆರಿಸಿದ ಯಂತ್ರ

ಬಷೀರುನ್ನೀಸಾ ಅವರು ಕರಿಹಲಗೆಯ ಮೇಲೆ ಹೃದಯ ಬರೆಯುವ ದಿನ ಪಕ್ಕದ ಸೆಕ್ಷನ್ನಿನ ಮಕ್ಕಳು ನೀರು ಕುಡಿಯುವ ನೆಪ ಹೇಳಿ ಎದ್ದು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಬಿಳಿ ಸೀಮೆಸುಣ್ಣದ ಒಂದೇ ಎಳೆತಕ್ಕೆ ಹೊರಗೆರೆ ಪೂರ್ತಿ ಬರುತ್ತಿತ್ತು, ಕೈ ಎಲ್ಲೂ ನಿಲ್ಲುತ್ತಿರಲಿಲ್ಲ. ಆಮೇಲೆ ಒಳಗಿನ ಕೋಣೆಗಳು, ಕವಾಟಗಳು, ನೀಲಿ ಬಣ್ಣ, ಕೆಂಪು ಬಣ್ಣ. ಚಿತ್ರ ಮುಗಿಸಿ ಮಕ್ಕಳ ಕಡೆ ತಿರುಗಿ, ನಿಮ್ಮ ಎಡಗೈ ಕಡೆ ಕಾಣುತ್ತಿರುವುದು ಹೃದಯದ ಬಲಭಾಗ, ಇದು ನಿಮ್ಮೆದುರಿಗೆ ನಿಂತವನ ಹೃದಯ, ನಿಮ್ಮದಲ್ಲ ಎಂದು ತಪ್ಪದೆ ಹೇಳುತ್ತಿದ್ದರು. ಅವರ ನಂತರದ ಪೀರಿಯಡ್ಡು ನನ್ನ ಕನ್ನಡದ್ದು. ಆ ಚಿತ್ರ ಅಳಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ. ಹಲಗೆಯ ಒಂದು ಮೂಲೆಯಲ್ಲಿ ಸಂಧಿ, ಸಮಾಸ ಬರೆದುಕೊಂಡು ಪಾಠ ಮುಗಿಸುತ್ತಿದ್ದೆ.

ಪಾಂಡವಪುರದ ನಮ್ಮದು ಅನುದಾನಿತ ಪ್ರೌಢಶಾಲೆ. ಊರ ಹಿರಿಯರ ಒಂದು ಕಮಿಟಿ ಅದನ್ನು ನಡೆಸುತ್ತಿತ್ತು. ತೊಣ್ಣೂರಿನ ಕಡೆಯಿಂದ, ಚಿನಕುರಳಿ ಕಡೆಯಿಂದ ಮಕ್ಕಳು ನಡೆದೋ ಬಸ್ಸಿಗೆ ನೇತುಬಿದ್ದೋ ಬರುತ್ತಿದ್ದರು. ಬಷೀರುನ್ನೀಸಾ ಶ್ರೀರಂಗಪಟ್ಟಣದ ಗಂಜಾಮಿನವರು. ಕಿರಂಗೂರು ದಾರಿಯ ಬಸ್ಸಿನಲ್ಲಿ ದಿನಾ ಬಂದು ಹೋಗುತ್ತಿದ್ದರು. ಗಂಡ ವಜೀರ್ ಪಾಷಾ ಅವರಿಗೆ ಹೆದ್ದಾರಿ ಪಕ್ಕದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ. ಒಬ್ಬಳೇ ಮಗಳು, ಸುಮಯ್ಯ. ಬಷೀರುನ್ನೀಸಾ ಎಂಬ ಅಷ್ಟು ಉದ್ದದ ಹೆಸರು ಮಕ್ಕಳ ಬಾಯಲ್ಲಿ ನಿಲ್ಲದೆ ‘ಬಷೀರ ಮಿಸ್ಸು’ ಆಗಿತ್ತು. ಅವರೂ ಅದಕ್ಕೇ ಓಗೊಡುತ್ತಿದ್ದರು.

ತೊಂಬತ್ಮೂರನೇ ಇಸವಿಯ ರಂಜಾನ್ ತಿಂಗಳಲ್ಲಿ ಕಿವಿಯ ಪಾಠ ನಡೆದಿತ್ತು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆಯಲ್ಲ, ಅದನ್ನು ಬರೆಯುವಾಗ ಗೆರೆ ಅಲೆ ಅಲೆಯಾಗಿ ಬಂತು. ಅಳಿಸಿದರು. ಇನ್ನೊಮ್ಮೆ ಬರೆದರು, ಹಾಗೇ ಬಂತು. ಉಪವಾಸದ ನಿಶ್ಶಕ್ತಿ ಎಂದುಕೊಂಡು ಪುಸ್ತಕ ತೆಗೆಸಿ ಓದಿಸಿದರು. ಹಬ್ಬ ಮುಗಿಯಿತು, ಕೈ ಸರಿಹೋಗಲಿಲ್ಲ. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಬರೆಯುವ ಅಭ್ಯಾಸ ಮಾಡಿಕೊಂಡರು. ಕೊನೆಗೆ ಗಂಡ ಹೆಂಡತಿ ಮೈಸೂರಿಗೆ ಹೋಗಿ ನರದ ಡಾಕ್ಟರಿಗೆ ತೋರಿಸಿದರು. ಮುದುಕರಿಗೆ ಬರುವ ನಡುಕದ ಕಾಯಿಲೆ, ಅಪರೂಪಕ್ಕೆ ಇಷ್ಟು ಬೇಗ ಬರುತ್ತದೆ, ಗುಳಿಗೆಯಿಂದ ತಡೆಯಬಹುದು, ವಾಸಿಯಾಗುವುದಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿ ಕಳಿಸಿದರು.

ಇದು ಶಾಲೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ನನಗೆ ಗೊತ್ತಾದದ್ದೂ ಒಂದು ವರ್ಷದ ಮೇಲೆ. ನನ್ನ ಪಾಲಿಗೆ ಹಲಗೆ ಪೂರ್ತಿ ಖಾಲಿ ಸಿಗತೊಡಗಿತ್ತು. ನಾನು ಚಿತ್ರ ಅಳಿಸದೆ ಬಿಡುತ್ತೇನೆಂದು ನಿಮಗೆ ಬೇಸರವೇ ಎಂದು ಒಂದು ದಿನ ಸ್ಟಾಫ್ ರೂಮಿನಲ್ಲಿ ಕೇಳಿಯೇಬಿಟ್ಟೆ. ಅವರು ಬಾಗಿಲ ಕಡೆ ನೋಡಿ, ಯಾರೂ ಇಲ್ಲದ್ದು ಕಂಡು, ಸೆರಗಿನೊಳಗಿಂದ ಬಲಗೈ ತೆಗೆದು ಮೇಜಿನ ಮೇಲಿಟ್ಟರು. ಹೆಬ್ಬೆರಳು ತೋರುಬೆರಳು ತಮ್ಮಷ್ಟಕ್ಕೆ ತಾವು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು, ಚಿಟಿಕೆ ಉಪ್ಪು ಉದುರಿಸುವವರ ಹಾಗೆ.

“ಪಾಠ ಎಲ್ಲಾ ತಲೇಲಿ ಇದೆ ಸೋಮಯ್ಯನೋರೆ, ಕೈ ಮಾತ್ರ ಕೇಳ್ತಾ ಇಲ್ಲ” ಎಂದರು.

ಆ ಬೇಸಿಗೆಯಲ್ಲಿ ಮೋಟಾರು ಕಂಪನಿಯೊಂದು ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ತಾಲ್ಲೂಕುಗಳ ರಿಪೇರಿಯವರನ್ನೆಲ್ಲ ಕೆ.ಆರ್. ಪೇಟೆಯ ಕಲ್ಯಾಣ ಮಂಟಪವೊಂದಕ್ಕೆ ಸಂಸಾರ ಸಮೇತ ಕರೆದು ಊಟ ಹಾಕಿಸಿತು. ಊಟಕ್ಕೆ ಮುಂಚೆ ಟೈ ಕಟ್ಟಿದ ಒಬ್ಬ ಹುಡುಗ ಹೊಸ ಮೋಟಾರಿನ ವಿಷಯ ಹೇಳಲು ನಿಂತ. ಅವನ ಮುಂದೆ ಒಂದು ಪೆಟ್ಟಿಗೆ. ಮೇಲೆ ಗಾಜು, ಒಳಗೆ ದೀಪ, ಗಾಜಿನ ಪಕ್ಕದಿಂದೊಂದು ಕಂಬ ಎದ್ದು ತುದಿಯಲ್ಲಿ ಕನ್ನಡಿ. ಗಾಜಿನ ಮೇಲೆ ಒಂದು ಪಾರದರ್ಶಕ ಹಾಳೆ ಇಟ್ಟರೆ, ಅದರಲ್ಲಿ ಬರೆದದ್ದೆಲ್ಲ ಅವನ ಬೆನ್ನ ಹಿಂದಿನ ಬಿಳಿ ಬಟ್ಟೆಯ ಮೇಲೆ ಆಳೆತ್ತರ ಮೂಡುತ್ತಿತ್ತು. ಕಿಟಕಿ ಬಾಗಿಲು ಎಲ್ಲ ತೆರೆದೇ ಇದ್ದವು. ಹುಡುಗ ಒಮ್ಮೆಯೂ ಹಿಂದೆ ತಿರುಗಲಿಲ್ಲ, ಜನರ ಮುಖ ನೋಡಿಕೊಂಡೇ ಮಾತಾಡಿದ. ಅದರ ಹೆಸರು ಓವರ್‌ಹೆಡ್ ಪ್ರೊಜೆಕ್ಟರು.

ಎಲ್ಲರೂ ಊಟದ ಎಲೆಗೆ ಎದ್ದಾಗ ಬಷೀರುನ್ನೀಸಾ ಅತ್ತ ಹೋಗಲಿಲ್ಲ. ಹುಡುಗನ ಹತ್ತಿರ ಹೋಗಿ, ತಾನೊಂದು ಗೆರೆ ಎಳೆಯಬಹುದೇ ಎಂದು ಕೇಳಿದರು. ಅವನು ಪೆನ್ನು ಕೊಟ್ಟ. ಎಳೆದರು. ಬಟ್ಟೆಯ ಮೇಲೆ ಅವರ ನಡುಕವೂ ಆಳೆತ್ತರವಾಗಿ ಮೂಡಿತು. ವಜೀರ್ ಪಾಷಾ ಬಂದು ಹೆಂಡತಿಯ ಕೈಯಿಂದ ಪೆನ್ನು ತೆಗೆದು ವಾಪಸು ಕೊಟ್ಟರು.

ಬಷೀರುನ್ನೀಸಾ ಅಲ್ಲಿಗೇ ಸೋತು ಬಂದಿದ್ದರೆ ಆಶ್ಚರ್ಯವಿರಲಿಲ್ಲ. ಬದಲಿಗೆ ದಾರಿಯುದ್ದಕ್ಕೂ ಬಸ್ಸಿನಲ್ಲಿ ಯೋಚನೆ ಮಾಡಿದರಂತೆ. ಜನರೆದುರು ನಿಂತು ಬರೆಯುವುದು ಆಗದಿದ್ದರೆ ಬೇಡ, ಮನೆಯಲ್ಲಿ ನಿಧಾನವಾಗಿ ಬರೆದಿಟ್ಟುಕೊಂಡರೆ? ಬೆಳಗಿನ ಗುಳಿಗೆ ನುಂಗಿದ ಮೇಲೆ ಸ್ವಲ್ಪ ಹೊತ್ತು ಕೈ ಮಾತು ಕೇಳುತ್ತಿತ್ತು. ಮರುವಾರವೇ ಮೈಸೂರಿನಿಂದ ಪಾರದರ್ಶಕ ಹಾಳೆಗಳನ್ನೂ ಅಳಿಯದ ಪೆನ್ನುಗಳನ್ನೂ ತರಿಸಿಕೊಂಡರು. ವಜೀರ್ ಪಾಷಾ ಕಾಕಿ ಬಟ್ಟೆಯಲ್ಲಿ ಸಣ್ಣ ಚೀಲ ಹೊಲಿದು ಮರಳು ತುಂಬಿಕೊಟ್ಟರು. ಮಣಿಕಟ್ಟನ್ನು ಆ ಮರಳಿನ ಚೀಲದ ಕೆಳಗೆ ಒತ್ತಿಟ್ಟುಕೊಂಡು, ಬೆರಳು ಮಾತ್ರ ಆಡುವಂತೆ ಮಾಡಿ, ಮೊದಲು ಹೃದಯ ಬರೆದರು. ಒಂದು ಹಾಳೆಯಲ್ಲಿ ಹೊರಗೆರೆ. ಇನ್ನೊಂದರಲ್ಲಿ ನೀಲಿ ರಕ್ತದ ದಾರಿ. ಮತ್ತೊಂದರಲ್ಲಿ ಕೆಂಪು. ಒಂದರ ಮೇಲೊಂದು ಇಡುತ್ತ ಹೋದರೆ ಮಕ್ಕಳ ಕಣ್ಣೆದುರಿಗೇ ರಕ್ತ ಹರಿದುಬಂದಂತೆ ಕಾಣಬೇಕು. ಕರಿಹಲಗೆಯಲ್ಲಿ ಇದು ಎಂದೂ ಸಾಧ್ಯವಿರಲಿಲ್ಲ ಎಂದು ನನಗೆ ಹೇಳುವಾಗ ಅವರ ಮುಖದಲ್ಲಿ ಹೊಸ ಕೆಲಸಕ್ಕೆ ಸೇರಿದ ಹುಡುಗಿಯ ಸಂಭ್ರಮ ಇತ್ತು.

ಜೂನ್ ತಿಂಗಳಲ್ಲಿ ಹೆಡ್‌ಮಾಸ್ಟರ್ ನರಸಯ್ಯನವರ ಹತ್ತಿರ ಮಾತು ತೆಗೆದರು. ಪ್ರಯೋಗಶಾಲೆಗೆಂದು ಬಂದ ಅನುದಾನದಲ್ಲಿ ಸ್ವಲ್ಪ ಉಳಿದಿತ್ತು. ನೋಡಿಕೊಂಡು ಬನ್ನಿ ಎಂದು ನರಸಯ್ಯನವರು ನಮ್ಮಿಬ್ಬರನ್ನೂ ಮೈಸೂರಿಗೆ ಕಳಿಸಿದರು. ವಿಜ್ಞಾನ ಸಲಕರಣೆ ಮಾರುವ ಅಂಗಡಿಯೊಂದರಲ್ಲಿ ಇದ್ದಬದ್ದ ಯಂತ್ರಗಳನ್ನೆಲ್ಲ ಇಳಿಸಿ ತೋರಿಸಿದರು. ಪುಸ್ತಕದ ಪುಟವನ್ನೇ ಒಳಗಿಟ್ಟರೆ ಗೋಡೆಗೆ ಬಿಡುವ ದೊಡ್ಡ ಯಂತ್ರವೊಂದಿತ್ತು. ಇಬ್ಬರು ಗಂಡಸರು ಹೊರಬೇಕು, ಮೇಲಾಗಿ ಕಗ್ಗತ್ತಲೆ ಬೇಕು. ಸಿನಿಮಾ ಓಡಿಸುವ ಯಂತ್ರಕ್ಕೆ ರೀಲು ತರುವುದೆಲ್ಲಿಂದ? ಸ್ಲೈಡ್ ಪ್ರೊಜೆಕ್ಟರು ನೋಡಲು ಚೆಂದ, ಹಗುರ. ಆದರೆ ಅಂಚೆಚೀಟಿಯಷ್ಟಗಲದ ಫಿಲ್ಮನ್ನು ಚೌಕಟ್ಟಿಗೆ ಹಾಕಿಸಬೇಕು, ಅದಕ್ಕೂ ಕತ್ತಲೆ ಬೇಕು. ನಮ್ಮ ಶಾಲೆಯ ಕಿಟಕಿಗಳಿಗೆ ಸರಳು ಬಿಟ್ಟರೆ ಬಾಗಿಲೇ ಇರಲಿಲ್ಲ.

ಬಷೀರುನ್ನೀಸಾ ಅಂಗಡಿಯವರಿಂದ ಶಟರು ಪೂರ್ತಿ ಎತ್ತಿಸಿ, ಮಧ್ಯಾಹ್ನದ ಬಿಸಿಲು ಒಳಗೆ ಬೀಳುವಾಗಲೇ ಎರಡು ಬಗೆಯ ಓವರ್‌ಹೆಡ್ ಯಂತ್ರ ಹಚ್ಚಿಸಿ ನೋಡಿದರು. ಒಂದು ಮಡಚಿ ಸೂಟ್‌ಕೇಸಿನಂತೆ ಒಯ್ಯುವಂಥದ್ದು, ಹೊರದೇಶದ್ದು, ಕಂಪನಿಗಳವರು ಕೊಳ್ಳುವುದು. ಇನ್ನೊಂದು ನಮ್ಮ ದೇಶದಲ್ಲೇ ಮಾಡಿದ ತಗಡಿನ ಪೆಟ್ಟಿಗೆ, ಬೂದುಬಣ್ಣ, ಫ್ಯಾನಿನ ಸದ್ದು ಸ್ವಲ್ಪ ಜೋರು. ಬಲ್ಬು ಹೋದರೆ ಎಲ್ಲಿ ಸಿಗುತ್ತದೆ, ನಮ್ಮೂರಿನ ಮಂದ ಕರೆಂಟಿಗೆ ಓಡುತ್ತದೆಯೇ, ಮೇಲಿನ ಗಾಜಿಗೆ ಗೀರು ಬಿದ್ದರೆ ಬದಲಿಸಬಹುದೇ ಎಂದೆಲ್ಲ ಕೇಳಿ ಕೊನೆಗೆ ತಗಡಿನ ಪೆಟ್ಟಿಗೆಯ ಮೇಲೆ ಕೈ ಇಟ್ಟರು. ಬೆಲೆಯೂ ನಮ್ಮ ಅನುದಾನದೊಳಗೇ ಇತ್ತು. ಬರುವಾಗ ಬಸ್ಸಿನಲ್ಲಿ ಅವರು ವೇಳಾಪಟ್ಟಿಯ ಮಾತಾಡಿದರು. ಮಧ್ಯಾಹ್ನ ಕರೆಂಟು ತೆಗೆಯುತ್ತಾರೆ, ಆದ್ದರಿಂದ ವಿಜ್ಞಾನವನ್ನೆಲ್ಲ ಬೆಳಗಿನ ಪೀರಿಯಡ್ಡಿಗೆ ಹಾಕಿಸಿಕೊಳ್ಳಬೇಕು, ನೀವು ಕನ್ನಡವನ್ನು ಮಧ್ಯಾಹ್ನಕ್ಕೆ ಬಿಟ್ಟುಕೊಡಬೇಕು ಎಂದರು. ನಾನು ಒಪ್ಪಿದೆ.

ಕಮಿಟಿ ಸಭೆ ಸೇರಿತು, ನಾನೂ ಇದ್ದೆ. ಅಧ್ಯಕ್ಷರು ಬೋರಯ್ಯನವರು, ಅಕ್ಕಿ ಗಿರಣಿ ಮಾಲೀಕರು. ಶಾಲೆಯ ಮೇಲೆ ನಿಜವಾದ ಪ್ರೀತಿ ಇದ್ದ ಮನುಷ್ಯ. ಮಳೆಗಾಲದಲ್ಲಿ ಹೆಂಚು ಒಡೆದರೆ ಗಿರಣಿಯ ಆಳುಗಳನ್ನೇ ಕಳಿಸುತ್ತಿದ್ದರು. ನರಸಯ್ಯನವರು ವಿಷಯ ಇಟ್ಟಾಗ ಬಷೀರುನ್ನೀಸಾ ಎರಡೂ ಕೈಯನ್ನು ಮೇಜಿನ ಕೆಳಗೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

“ಅಲ್ಲಾ ಮಿಸ್ಸೋರೆ,” ಎಂದರು ಬೋರಯ್ಯ, “ಬೋರ್ಡ್ ಮ್ಯಾಲೆ ನೀವು ಬರೆಯೋದ ನೋಡಕ್ಕೇ ಜನ ಬತ್ತರೆ. ನಿಮ್ಗ್ಯಾಕೆ ಈ ಡಬ್ಬ?”

ಆಗ ನಿಜ ಹೇಳಿಬಿಡಬಹುದಿತ್ತು. ಬಷೀರುನ್ನೀಸಾ ಒಂದು ಕ್ಷಣ ನನ್ನ ಕಡೆ ನೋಡಿದರು. ಆಮೇಲೆ, ಇದು ತನಗಾಗಿ ಅಲ್ಲ, ಎಲ್ಲ ವಿಷಯದ ಶಿಕ್ಷಕರಿಗೂ ಉಪಯೋಗವಾಗಲಿ ಎಂದು ಕೇಳುತ್ತಿದ್ದೇನೆ ಎಂದರು.

ಬೋರಯ್ಯನವರ ಮುಖ ಅರಳಿತು. “ಅಂಗಾರೆ ನಂತಾವೇ ಒಂದು ದಾರಿ ಅದೆ” ಎಂದರು. ಮೈಸೂರಿನಲ್ಲಿದ್ದ ಅವರ ಭಾಮೈದ ತನ್ನ ಫೋಟೋ ಸ್ಟುಡಿಯೋ ಮುಚ್ಚುತ್ತಿದ್ದನಂತೆ. ಅಲ್ಲೊಂದು ಸ್ಲೈಡ್ ಪ್ರೊಜೆಕ್ಟರು, ಜರ್ಮನಿಯದು, ಅರ್ಧಕ್ಕರ್ಧ ಬೆಲೆಗೆ ಸಿಗುತ್ತದೆ. ಬಣ್ಣ ಬಣ್ಣದ ಚಿತ್ರ ಗೋಡೆ ತುಂಬ ಬರುತ್ತದೆ, ಪಾಠಕ್ಕೂ ಆಯಿತು, ಸ್ಕೂಲ್ ಡೇಗೂ ಆಯಿತು, ಉಳಿದ ದುಡ್ಡಲ್ಲಿ ಹೆಣ್ಣುಮಕ್ಕಳ ಪಾಯಿಖಾನೆ ರಿಪೇರಿ ಮಾಡಿಸೋಣ. ಪಾಯಿಖಾನೆಯ ಮಾತು ಬಂದ ಮೇಲೆ ಯಾರು ತಾನೆ ಬೇಡ ಎನ್ನುತ್ತಾರೆ? ಸ್ಲೈಡಿಗೆ ಕತ್ತಲೆ ಬೇಕು, ಹಾಳೆ ಅದಕ್ಕೆ ಹಿಡಿಸುವುದಿಲ್ಲ ಎಂದು ಬಷೀರುನ್ನೀಸಾ ಹೇಳಿದರು. ಕತ್ತಲೆ ಮಾಡುವುದೇನು ದೊಡ್ಡ ಕೆಲಸ ಎಂದು ಸಭೆ ನಕ್ಕಿತು. “ಮುಂದಿನ ವರ್ಷಕ್ಕೆ ನಿಮ್ಮ ಯಂತ್ರಾನೂ ನೋಡನ ಬುಡಿ” ಎಂದು ನರಸಯ್ಯನವರು ಮುಗಿಸಿದರು.

ಬಸ್‌ಸ್ಟ್ಯಾಂಡಿನವರೆಗೂ ನಾನು ಅವರ ಜೊತೆ ನಡೆದೆ. ಕಾಯಿಲೆಯ ವಿಷಯ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರೆ ಯಂತ್ರ ಬರ್ತಿತ್ತು ಸೋಮಯ್ಯನೋರೆ. ಅದರ ಹಿಂದೇನೇ ಇನ್ನೊಬ್ಬ ಮಿಸ್ಸೂ ಬರ್ತಿದ್ದಳು” ಎಂದರು.

ಜರ್ಮನಿಯ ಯಂತ್ರ ಬಂತು. ಅಷ್ಟರಲ್ಲಿ ಅವರು ಮೂತ್ರಪಿಂಡ, ಕಣ್ಣು, ಎಲೆಯ ಅಡ್ಡಸೀಳಿಕೆ, ಹೀಗೆ ಹತ್ತನೇ ತರಗತಿಯ ಚಿತ್ರಗಳನ್ನೆಲ್ಲ ಹಾಳೆಗೆ ಇಳಿಸಿಟ್ಟಿದ್ದರು. ಬಟ್ಟೆಯಂಗಡಿಯ ರಟ್ಟಿನ ಪೆಟ್ಟಿಗೆಯೊಂದರಲ್ಲಿ, ಒಂದಕ್ಕೊಂದು ಅಂಟದ ಹಾಗೆ ನಡುವೆ ಕಾಗದ ಇಟ್ಟು ಜೋಡಿಸಿದ್ದರು. ಈಗ ಅವುಗಳ ಫೋಟೋ ತೆಗೆಸಿ ಸ್ಲೈಡು ಮಾಡಿಸಬೇಕಾಯಿತು. ಫಿಲ್ಮು ತೊಳೆಯಲು ಬೊಂಬಾಯಿಗೆ ಹೋಗಬೇಕು ಎಂದರು ಸ್ಟುಡಿಯೋದವರು. ತಿಂಗಳುಗಟ್ಟಲೆ ಕಾದ ಮೇಲೆ ಕೆಲವೇ ಬಂದವು. ನೀಲಿ ಕಪ್ಪಾಗಿತ್ತು, ಕೆಂಪು ಮಾಸಿತ್ತು. ಒಂದರ ಮೇಲೊಂದು ಇಡುವ ಮಾತೇ ಇರಲಿಲ್ಲ.

ಆದರೂ ಒಂದು ದಿನ ಗೊತ್ತು ಮಾಡಿದರು. ಮಕ್ಕಳು ಮನೆಯಿಂದ ಕಂಬಳಿ ತಂದರು. ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲಿಗೆ ಜಮಖಾನ ಇಳಿಬಿಟ್ಟರೂ ಹೆಂಚಿನ ಸಂದಿಯಿಂದ ಬಿಸಿಲಕೋಲು ಇಳಿಯುತ್ತಿತ್ತು. ಕುರಿಯ ವಾಸನೆ, ಸೆಕೆ. ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಗೋಡೆಯ ಮೇಲೆ ಹೃದಯ ಮೂಡಿತು. ಮಸುಕಾಗಿತ್ತು, ಆದರೆ ಗೆರೆ ಅವರದೇ. ಬಷೀರುನ್ನೀಸಾ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮಾತಾಡತೊಡಗಿದರು. ದೇಹದಿಂದ ಬಂದ ರಕ್ತ ಬಲ ಹೃತ್ಕರ್ಣಕ್ಕೆ ಇಳಿಯುವುದನ್ನು, ಕವಾಟ ತೆರೆದು ಮುಚ್ಚುವುದನ್ನು ಊರಿನ ನಾಲೆಯ ತೂಬಿಗೆ ಹೋಲಿಸಿ ಹೇಳಿದರು. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಅಷ್ಟು ಹೊತ್ತು ಅವರು ಮೊದಲಿನ ಬಷೀರ ಮಿಸ್ಸೇ ಆಗಿದ್ದರು.

ರಕ್ತ ಶ್ವಾಸಕೋಶ ಮುಟ್ಟುವ ಮೊದಲೇ ಕರೆಂಟು ಹೋಯಿತು. ಕಾದೆವು. ಬಂತು, ಬಂದದ್ದು ಒಮ್ಮೆಗೇ ಜೋರಾಗಿ. ಯಂತ್ರದೊಳಗೆ ಟಪ್ ಎಂದ ಸದ್ದಾಗಿ ಸುಟ್ಟ ವಾಸನೆ ಬಂತು. ಆ ಬಲ್ಬು ಮೈಸೂರಿನಲ್ಲಿ ಸಿಗಲಿಲ್ಲ, ಬೆಂಗಳೂರಿನಲ್ಲೂ ಸಿಗಲಿಲ್ಲ. ಆ ಮಾದರಿಯನ್ನು ಮಾಡುವುದು ಬಿಟ್ಟೇ ಎಷ್ಟೋ ವರ್ಷವಾಯಿತು ಎಂದು ಅಂಗಡಿಯವರು ಹೇಳಿದರು. ಜರ್ಮನಿಯ ಯಂತ್ರ ಭೂಪಟಗಳ ಬೀರುವಿನ ಮೇಲೆ ಹೋಗಿ ಕೂತಿತು. ಇದ್ದ ಯಂತ್ರವನ್ನೇ ಸುಟ್ಟು ಕೂತವರಿಗೆ ಇನ್ನೊಂದು ಯಂತ್ರ ಕೇಳುವ ಮುಖವೂ ಇಲ್ಲದೆ ಹೋಯಿತು.

ಮುಂದಿನ ವರ್ಷ ನಡುಕ ಎಡಗೈಗೂ ಹತ್ತಿತು. ಹಲಗೆ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಚೈತ್ರ ಎಂಬ ಹುಡುಗಿ, ಚಿತ್ರ ಸುಮಾರಾಗಿ ಬರೆಯುತ್ತಿದ್ದವಳು, ಒಂದು ದಿನ ತಾನಾಗಿ ಎದ್ದು ಬಂದು, ನಾನು ಬರೀಲಾ ಮಿಸ್ ಎಂದು ಕೇಳಿದಳಂತೆ. ಅವರು ಸೀಮೆಸುಣ್ಣ ಕೊಟ್ಟರು. ಹುಡುಗಿ ಹೃದಯ ಬರೆದಳು. ಎಡವನ್ನು ಬಲ ಮಾಡಿದಳು, ಕವಾಟ ಬಿಟ್ಟಳು. ಇಲ್ಲಿ ಅಳಿಸು, ಸ್ವಲ್ಪ ಮೇಲೆ, ಅಲ್ಲ, ಒಳಕ್ಕೆ ಎಂದು ಹೇಳುತ್ತ ಹೇಳುತ್ತ ಪೀರಿಯಡ್ಡು ಮುಗಿಯಿತು. ಮರೆಮಾಚಲು ಇನ್ನೇನೂ ಉಳಿದಿರಲಿಲ್ಲ. ಮಕ್ಕಳು ಮನೆಗಳಲ್ಲಿ ಹೇಳಿದರು. ಪಾಪ ಎಂದರು ಜನ, ಆದರೆ ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಿತ್ತು. ಒಬ್ಬಿಬ್ಬರು ತಂದೆಯರು ನರಸಯ್ಯನವರ ಕೋಣೆಗೆ ಬಂದು ಕೂತು ಎದ್ದು ಹೋದರು. ಆ ತಿಂಗಳಲ್ಲೇ ಕಮಿಟಿಯ ಖರ್ಚಿನಲ್ಲಿ ಬಿ.ಎಡ್. ಮುಗಿಸಿದ ಸಹನ ಎಂಬ ಹುಡುಗಿಯನ್ನು ವಿಜ್ಞಾನಕ್ಕೆ ಹಾಕಿಕೊಂಡರು. ಬಷೀರುನ್ನೀಸಾ ಅವರಿಗೆ ನೀತಿಪಾಠ ಮತ್ತು ಲೈಬ್ರರಿ ಪೀರಿಯಡ್ಡು ಬಂತು.

ಬೋರಯ್ಯನವರು ಒಂದು ಭಾನುವಾರ ಹಣ್ಣು ತೆಗೆದುಕೊಂಡು ಗಂಜಾಮಿನ ಮನೆಗೆ ಹೋದರು. ನನ್ನನ್ನೂ ಕರೆದೊಯ್ದರು. ಅವರು ಕುರ್ಚಿಯ ತುದಿಯಲ್ಲಿ ಕೂತು ಹಣ್ಣು ಮುಂದಿಟ್ಟರು.

“ಮೊದ್ಲೇ ಒಂದ್ ಮಾತು ಏಳ್ಬಾರ್ದಾಗಿತ್ತಾ ತಾಯಿ. ನಮ್ಮನ್ನ ಅಷ್ಟು ಕೆಟ್ಟೋರು ಅನ್ಕಂಡ್ಬುಟ್ರಾ?”

ಬಷೀರುನ್ನೀಸಾ ಕೇಳಿದ್ದು ಒಂದೇ. ಆ ಓವರ್‌ಹೆಡ್ ಯಂತ್ರ ಈಗ ತರಿಸಬಹುದೇ? ಹಾಳೆಗಳು ಸಿದ್ಧ ಇವೆ, ತಾನು ಬರೀ ನಿಂತು ಹೇಳಿದರೆ ಸಾಕು.

ಬೋರಯ್ಯನವರು ನನ್ನ ಕಡೆ ನೋಡಿದರು. ಹೊಸ ಮಿಸ್ಸಿಗೆ ಆರ್ಡರು ಕೊಟ್ಟಾಗಿತ್ತು. ಅನುದಾನವೂ ಮುಗಿದಿತ್ತು. ಮೇಲಾಗಿ ಆ ಹೊತ್ತಿಗೆ ಬಷೀರುನ್ನೀಸಾ ಅವರ ಕಾಲೂ ಎಳೆಯುತ್ತಿತ್ತು, ಬಸ್ಸಿನ ಮೆಟ್ಟಿಲು ಹತ್ತಲು ಕಂಡಕ್ಟರು ಕೈ ಹಿಡಿಯಬೇಕಿತ್ತು. “ನೋಡನ ತಾಯಿ” ಎಂದರು ಬೋರಯ್ಯ. ವಜೀರ್ ಪಾಷಾ ತಂದಿಟ್ಟ ಚಹಾ ಮುಟ್ಟದೆ ಎದ್ದರು. ವಾಪಸು ಬರುವ ಬಸ್ಸಿನಲ್ಲಿ ಬೋರಯ್ಯ ಅತ್ತರು. ಯಂತ್ರದ ಮಾತು ಮಾತ್ರ ಮತ್ತೆ ಬರಲಿಲ್ಲ.

ತೊಂಬತ್ತೇಳರಲ್ಲಿ ಬಷೀರುನ್ನೀಸಾ ಸ್ವಯಂ ನಿವೃತ್ತಿ ತೆಗೆದುಕೊಂಡರು. ಬೀಳ್ಕೊಡುಗೆಯ ದಿನ ಮಾತಾಡಲು ಎದ್ದು, ಒಂದೆರಡು ವಾಕ್ಯವಾದ ಮೇಲೆ ದನಿ ಏಳದೆ ಕೂತರು. ಕಾಯಿಲೆ ಗಂಟಲಿಗೂ ಬರುತ್ತದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹಾಳೆಯ ಪೆಟ್ಟಿಗೆಯನ್ನು ಸಹನಳಿಗೆ ಕೊಟ್ಟರು. ಹುಡುಗಿ ಮರ್ಯಾದೆಯಿಂದಲೇ ತೆಗೆದುಕೊಂಡಳು. ಯಂತ್ರವಿಲ್ಲದೆ ಅವಳು ತಾನೇ ಏನು ಮಾಡಿಯಾಳು? ಕೆಲವನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು. ಬಿಸಿಲಿಗೆ ಬಣ್ಣ ಹಾರಿತು.

ಮರುವರ್ಷ ಒಂದು ಸಂಜೆ ನಾನು ಗಂಜಾಮಿಗೆ ಹೋಗಿದ್ದೆ. ಬಷೀರುನ್ನೀಸಾ ದಿಂಬಿಗೆ ಒರಗಿ ಮಂಚದ ಮೇಲೆ ಕೂತಿದ್ದರು. ಮುಖದಲ್ಲಿ ಯಾವ ಭಾವವೂ ಮೂಡುತ್ತಿರಲಿಲ್ಲ. ನಾನು ಬಂದದ್ದು ಖುಷಿಯಾಯಿತೋ ಇಲ್ಲವೋ ತಿಳಿಯುವಂತಿರಲಿಲ್ಲ. ಅದೂ ಕಾಯಿಲೆಯ ಗುಣವೇ, ತಪ್ಪು ತಿಳಿಯಬೇಡಿ ಎಂದು ವಜೀರ್ ಪಾಷಾ ಮೆಲ್ಲಗೆ ಹೇಳಿ ಚಹಾ ಮಾಡಲು ಒಳಗೆ ಹೋದರು. ಸುಮಯ್ಯ ಆಗ ಪಿಯುಸಿ ವಿಜ್ಞಾನ ಓದುತ್ತಿದ್ದಳು. ರೆಕಾರ್ಡ್ ಪುಸ್ತಕದಲ್ಲಿ ಮೂತ್ರಪಿಂಡದ ನಾಳದ ಚಿತ್ರ ಬರೆಯುತ್ತ ಕೂತಿದ್ದವಳು, ಈ ಬಾಗಿದ ಭಾಗದಲ್ಲಿ ಏನಾಗುತ್ತದೆ ಎಂದು ತಾಯಿಯನ್ನು ಕೇಳಿದಳು.

ಬಷೀರುನ್ನೀಸಾ ಹೇಳತೊಡಗಿದರು. ತುಟಿ ಅಲ್ಲಾಡುವುದು ಕಾಣುತ್ತಿತ್ತು. ದನಿ ಮಂಚದಿಂದ ಕೆಳಗಿಳಿಯುತ್ತಿರಲಿಲ್ಲ.

“ಕ್ಯಾ ಅಮ್ಮಿ?” ಎಂದಳು ಸುಮಯ್ಯ. ಅವರು ಮೊದಲಿನಿಂದ ಹೇಳಿದರು. ಹುಡುಗಿ ಹತ್ತಿರ ಬಂದು ಕಿವಿಗೊಟ್ಟಳು, ಒಂದೆರಡು ಮಾತು ಬರೆದುಕೊಂಡಳು, ಮತ್ತೆ ಕೇಳಿದಳು. ಆಮೇಲೆ ತಾಯಿಯ ಮೊಣಕಾಲು ಸವರಿ ಎದ್ದಳು.

“ಇರ್ಲಿ ಬಿಡಮ್ಮಿ, ಗೈಡಲ್ಲಿದೆ. ನೋಡ್ಕೋತೀನಿ.”

ಅವಳು ಪುಸ್ತಕ ತರಲು ಒಳಗೆ ಹೋದಳು. ಬಷೀರುನ್ನೀಸಾ ನಿಲ್ಲಿಸಲಿಲ್ಲ, ನನ್ನ ಕಡೆ ನೋಡಿಕೊಂಡು ಪಾಠ ಮುಂದುವರಿಸಿದರು. ನಾನು ಕುರ್ಚಿ ಎಳೆದುಕೊಂಡು ಅವರ ಬಾಯಿಯ ಹತ್ತಿರ ಬಾಗಿದೆ. ಉಸಿರಿನ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಕೇಳಿದರೂ ನನಗೆ ಅರ್ಥವಾಗುವ ಪಾಠ ಅದಾಗಿರಲಿಲ್ಲ. ಅವರು ಮುಗಿಸುವವರೆಗೂ ತಲೆಯಾಡಿಸುತ್ತ ಕೂತಿದ್ದೆ.